ಗಡಿಯಾರ ಒಂದೇ, ಹೊತ್ತು ಬೇರೆ ಬೇರೆ



ಈ ತಿಂಗಳ ಸಂಘದ ಪಾಠದ ವಿಷಯ ‘ಸಮಯ’. ‘ನಮಗ ಟೈಮ್ ಎಲ್ಲೈತ್ರೀ ಸಿಸ್ಟರ್, ಅದರ ಬಗ್ಗೆ ಏನು ಪಾಠ’ ಎಂದು ನೀವು ನಗಬಹುದು. ಸಮಯವೇ ಇಲ್ಲ ಎನ್ನುವವರೇ ಕುಳಿತು ಅದರ ಲೆಕ್ಕ ಹಾಕಬೇಕು. ಅದಕ್ಕೇ ಈ ಪಾಠ.

ಒಕ್ಕೂಟದ ಸಭೆಯನ್ನು ಎಲ್ಲರಿಗೂ ನಡುವೆ ಆಗಲಿ ಎಂದು ಮಸ್ಕಿಯಲ್ಲಿ ಇಡುತ್ತೇವೆ. ಚೀಟಿಯಲ್ಲಿ ‘ಬೆಳಿಗ್ಗೆ 11 ಗಂಟೆಗೆ’ ಎಂದು ಬರೆಯುತ್ತೇವೆ. ಸಿಂಧನೂರು ಕಡೆಯ ಪ್ರತಿನಿಧಿಗಳು ನಾಟಿ ದಿನಗಳಲ್ಲಿ ಬರುವುದೇ ಇಲ್ಲ. ಲಿಂಗಸುಗೂರು ಕಡೆಯವರು ಹನ್ನೆರಡೂವರೆಗೆ ಬಂದು ಮೂರಕ್ಕೆ ಎದ್ದು ಹೊರಡುತ್ತಾರೆ. ಆಗ ಒಬ್ಬರ ಮೇಲೆ ಒಬ್ಬರ ದೂರು ಶುರು: ‘ಕಾಲುವಿ ಮಂದಿಗೆ ಕೂಲಿನೇ ದೊಡ್ಡದು’, ‘ಆ ಕಡೆಯವರಿಗೆ ಟೈಮ್ ಅಂದ್ರ ಗೊತ್ತಿಲ್ಲ’. ಎರಡೂ ಮಾತು ಸರಿಯಲ್ಲ. ಎರಡೂ ಕಡೆಯ ಗಡಿಯಾರ ಒಂದೇ, ಆದರೆ ಹೊತ್ತು ನಡೆಯುವ ರೀತಿ ಬೇರೆ. ಅದು ಹೇಗೆಂದು ಒಂದೊಂದಾಗಿ ನೋಡೋಣ.

1. ಗಡಿಯಾರದ ಹೊತ್ತು ಎಲ್ಲಿಂದ ಬಂತು?

ಭೂಮಿ ಒಂದು ಸುತ್ತು ತಿರುಗಲು 24 ತಾಸು ಬೇಕು. ಪೂರ್ವದ ಊರಿಗೆ ಸೂರ್ಯ ಮೊದಲು ಕಾಣುತ್ತಾನೆ, ಪಶ್ಚಿಮದ ಊರಿಗೆ ಆಮೇಲೆ. ಸಂಘದಲ್ಲಿ ಇದನ್ನು ಮಾಡಿ ನೋಡಿ. ಕತ್ತಲ ಕೋಣೆಯಲ್ಲಿ ಒಂದು ದೀಪ ಹಚ್ಚಿ, ಅದರ ಮುಂದೆ ಒಂದು ಚೆಂಡನ್ನು ನಿಧಾನವಾಗಿ ತಿರುಗಿಸಿ. ಬೆಳಕು ಚೆಂಡಿನ ಒಂದೊಂದೇ ಭಾಗಕ್ಕೆ ಬೀಳುವುದು ಕಾಣುತ್ತದೆ.

ಭೂಗೋಳದ ಸುತ್ತಳತೆಯನ್ನು 360 ಭಾಗ ಮಾಡಿ ಪ್ರತಿ ಭಾಗಕ್ಕೆ ಒಂದು ಡಿಗ್ರಿ ಎನ್ನುತ್ತಾರೆ. ಒಂದು ಡಿಗ್ರಿ ಪಶ್ಚಿಮಕ್ಕೆ ಸರಿದರೆ ಸೂರ್ಯ ನಾಲ್ಕು ನಿಮಿಷ ತಡ. ಹದಿನೈದು ಡಿಗ್ರಿಗೆ ಒಂದು ತಾಸು.

ಹಿಂದೆ ಪ್ರತಿ ಊರೂ ತನ್ನ ನೆತ್ತಿಯ ಸೂರ್ಯನನ್ನೇ ನಂಬಿತ್ತು. ರೈಲು, ತಂತಿ ಬಂದ ಮೇಲೆ ಊರಿಗೊಂದು ಹೊತ್ತು ಇದ್ದರೆ ನಡೆಯದಾಯಿತು. 1906ರ ಜನವರಿ 1ರಿಂದ ಇಡೀ ಭಾರತಕ್ಕೆ ಒಂದೇ ಸಮಯ ಎಂದು ಆಗಿನ ಸರ್ಕಾರ ಗೊತ್ತುಮಾಡಿತು. ಇದಕ್ಕೆ ಹಿಡಿದ ಗೆರೆ 82ವರೆ ಡಿಗ್ರಿ ರೇಖಾಂಶ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯ್ದು, ಆಂಧ್ರದ ಕಾಕಿನಾಡದ ಕಡೆಯಿಂದ ಸಮುದ್ರಕ್ಕೆ ಇಳಿಯುತ್ತದೆ. ಎಲ್ಲರೂ ಕೂಡಲೇ ಒಪ್ಪಲಿಲ್ಲ. ಕಲ್ಕತ್ತ 1948ರವರೆಗೆ, ಬೊಂಬಾಯಿ 1955ರವರೆಗೆ ತಮ್ಮ ತಮ್ಮ ಹೊತ್ತನ್ನು ಉಳಿಸಿಕೊಂಡಿದ್ದವು. ಬೊಂಬಾಯಿ ಹೊತ್ತು ದೇಶದ ಹೊತ್ತಿಗಿಂತ 39 ನಿಮಿಷ ಹಿಂದೆ.

ಇದರಲ್ಲಿ ನಾವು ತಿಳಿಯಬೇಕಾದ್ದು ಇಷ್ಟು. ಸೂರ್ಯ ತಾನಾಗಿ ಬರುತ್ತಾನೆ, ಆದರೆ ಗಡಿಯಾರದ ಹೊತ್ತನ್ನು ಮನುಷ್ಯರು ಕೂಡಿ ಗೊತ್ತುಮಾಡಿದ್ದಾರೆ. ಗೊತ್ತುಮಾಡುವಾಗ ಯಾರು ಕೂತಿದ್ದರು, ಯಾರ ಅನುಕೂಲ ನೋಡಿದರು ಎಂದು ಕೇಳುವುದು ತಪ್ಪಲ್ಲ.

2. ನಮ್ಮ ಊರಿನ ನಡುಮಧ್ಯಾಹ್ನ ಎಷ್ಟಕ್ಕೆ?

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ 76ವರೆಯಿಂದ 77 ಡಿಗ್ರಿಯ ಒಳಗೆ ಇವೆ. ಆ 82ವರೆ ಗೆರೆಗಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕೆ. ಆದ್ದರಿಂದ ಗಡಿಯಾರ ಹನ್ನೆರಡು ಹೊಡೆದಾಗ ನಮ್ಮಲ್ಲಿ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ವರ್ಷದ ಸರಾಸರಿ ಹಿಡಿದರೆ ಸಿಂಧನೂರಿನಲ್ಲಿ 12 ಗಂಟೆ 23 ನಿಮಿಷಕ್ಕೆ, ಲಿಂಗಸುಗೂರಿನಲ್ಲಿ 12 ಗಂಟೆ 24 ನಿಮಿಷಕ್ಕೆ ನಡುಮಧ್ಯಾಹ್ನ. ನವೆಂಬರ್ ಮೊದಲಿಗೆ ಇದು ಹನ್ನೆರಡೂ ಕಾಲಿಗಿಂತ ಮುಂಚೆ ಆಗುತ್ತದೆ, ಫೆಬ್ರವರಿಯಲ್ಲಿ ಹನ್ನೆರಡೂವರೆ ದಾಟುತ್ತದೆ.

ಇದನ್ನೂ ನೀವೇ ನೋಡಬಹುದು. ಬಯಲಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಹನ್ನೊಂದೂವರೆಯಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಒಂದೊಂದು ಕಲ್ಲಿಡಿ. ನೆರಳು ಅತಿ ಗಿಡ್ಡ ಆದಾಗ ನಿಮ್ಮ ಊರಿನ ನಡುಮಧ್ಯಾಹ್ನ. ಚಳಿಗಾಲದಲ್ಲಿ ಮಾಡಿದರೆ ಚೆನ್ನಾಗಿ ಕಾಣುತ್ತದೆ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೆಯ ವಾರದ ಸುಮಾರಿಗೆ ನಮ್ಮ ಕಡೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಇರುವುದರಿಂದ ಆ ಹೊತ್ತಿಗೆ ಕೋಲಿಗೆ ನೆರಳೇ ಇರುವುದಿಲ್ಲ.

ಅಂದರೆ ಸಿಂಧನೂರಿಗೂ ಲಿಂಗಸುಗೂರಿಗೂ ಸೂರ್ಯನ ಲೆಕ್ಕದಲ್ಲಿ ಇರುವ ವ್ಯತ್ಯಾಸ ಒಂದೇ ನಿಮಿಷ. ಹಾಗಾದರೆ ನಮ್ಮ ಸಭೆಗೆ ಆಗುವ ಒಂದೂವರೆ ತಾಸಿನ ತಡ ಸೂರ್ಯನದಲ್ಲ. ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಮುಂದೆ ನೋಡೋಣ.

3. ಒಂದೇ ದೇಶ, ಬೇರೆ ಬೆಳಗು

ಗುಜರಾತಿನ ಕಚ್ಛ್‌ನಿಂದ ಅರುಣಾಚಲದ ತುದಿಯವರೆಗೆ ಸೂರ್ಯನ ಲೆಕ್ಕದಲ್ಲಿ ಸುಮಾರು ಎರಡು ತಾಸು ವ್ಯತ್ಯಾಸ. ಗಡಿಯಾರ ಮಾತ್ರ ಒಂದೇ. ಅಸ್ಸಾಮಿನಲ್ಲಿ ಬಹಳ ಬೇಗ ಬೆಳಗಾಗಿ ಬೇಗ ಕತ್ತಲಾಗುತ್ತದೆ. ಅಲ್ಲಿಯ ಚಹಾ ತೋಟಗಳಲ್ಲಿ ‘ಬಾಗಾನ್ ಟೈಮ್’, ಅಂದರೆ ತೋಟದ ಹೊತ್ತು, ಎಂದು ಬೇರೆ ರೂಢಿ ಇದೆ. ಅದು ದೇಶದ ಗಡಿಯಾರಕ್ಕಿಂತ ಒಂದು ತಾಸು ಮುಂದೆ. ಚಹಾ ಎಲೆ ಬಿಡಿಸುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಬೆಳಕು ಇರುವಾಗಲೇ ಕೆಲಸ ಶುರುವಾಗಿ ಬೆಳಕು ಇರುವಾಗಲೇ ಮುಗಿಯಲಿ ಎಂಬ ಏರ್ಪಾಡು ಅದು.

ಅಷ್ಟು ದೂರ ಏಕೆ? ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳನ್ನೇ ನೋಡಿ. ಆಗಿನ ಪೂರ್ವ ಪಾಕಿಸ್ತಾನದಿಂದ, ಈಗಿನ ಬಾಂಗ್ಲಾದೇಶದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರ ಅಲ್ಲಿ ನೆಲೆಗೊಳಿಸಿತು. ಅವರ ಹಿರಿಯರ ಊರಿನಲ್ಲಿ ಸೂರ್ಯ ನಮಗಿಂತ ಸುಮಾರು 50 ನಿಮಿಷ ಮೊದಲು ನೆತ್ತಿಗೆ ಬರುತ್ತಾನೆ. ಬಾಂಗ್ಲಾದೇಶದ ಗಡಿಯಾರ ನಮ್ಮದಕ್ಕಿಂತ ಅರ್ಧ ತಾಸು ಮುಂದೆ. ಯಾರದಾದರೂ ಮಗ ದುಬೈಯಲ್ಲಿ ದುಡಿಯುತ್ತಿದ್ದರೆ ಅವನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ ಎಂದು ಆ ತಾಯಿಗೆ ಫೋನ್ ಮಾಡಿ ಮಾಡಿ ಗೊತ್ತಿರುತ್ತದೆ.

4. ಕಾಲುವೆ ಊರಿನ ಹೊತ್ತು

ಈಗ ನಮ್ಮ ಊರುಗಳಿಗೆ ಬರೋಣ. ಸಿಂಧನೂರು ಭಾಗ ಒಂದು ಕಾಲದಲ್ಲಿ ಜೋಳ, ಹತ್ತಿಯ ಒಣ ನೆಲವೇ ಆಗಿತ್ತು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ನೆಲ್ಲು ಬಂತು, ಆಂಧ್ರದಿಂದ ರೈತರು ಬಂದು ಕ್ಯಾಂಪ್‌ಗಳಾದವು, ಅಕ್ಕಿ ಮಿಲ್‌ಗಳು ಬಂದವು. ಅದರ ಸಂಗಡ ಹೆಣ್ಣುಮಕ್ಕಳ ದಿನವೂ ಬದಲಾಯಿತು.

ಕಾಲುವೆಗೆ ಸಾಮಾನ್ಯವಾಗಿ ಜುಲೈಯಲ್ಲಿ ನೀರು ಬಿಡುತ್ತಾರೆ. ಆಮೇಲೆ ನಾಟಿಯ ವಾರಗಳು. ಆಗ ಸದಸ್ಯೆಯರ ದಿನ ಹೇಗಿರುತ್ತದೆ ಎಂದು ಕೇಳಿದರೆ, ನಾಲ್ಕಕ್ಕೆ ಏಳುವುದು, ಅಡಿಗೆ ಮಾಡಿ ಬುತ್ತಿ ಕಟ್ಟುವುದು, ನಸುಕಿನಲ್ಲೇ ಟಂಟಂ ಹತ್ತುವುದು. ‘ಟಂಟಂ ತಪ್ಪಿದ್ರ ಆ ದಿನದ ಕೂಲಿ ತಪ್ಪಿದಂಗ’ ಎನ್ನುತ್ತಾರೆ. ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿದ ತಂಡದಲ್ಲಿ ಒಬ್ಬಳು ತಡ ಮಾಡಿದರೆ ಹತ್ತು ಜನರ ಕೆಲಸ ನಿಲ್ಲುತ್ತದೆ. ಇಂಥ ದಿನ ಹನ್ನೊಂದು ಗಂಟೆಗೆ ಮಸ್ಕಿಗೆ ಬಾ ಎಂದರೆ ಅವಳು ಹೇಗೆ ಬಂದಾಳು?

ನಾಟಿ ಮುಗಿದರೆ ಕೆಲಸ ಒಮ್ಮೆಗೇ ಕಡಿಮೆ. ನವೆಂಬರ್–ಡಿಸೆಂಬರ್‌ಗೆ ಕೊಯ್ಲು. ಈಗ ಕೊಯ್ಲಿಗೆ ಯಂತ್ರ ಬಂದಿದೆ, ಕೆಲವು ಕಡೆ ನಾಟಿ ಇಲ್ಲದೆ ನೇರ ಬಿತ್ತನೆಯೂ ಇದೆ. ದುಡಿಮೆಯ ದಿನಗಳು ಮೊದಲಿಗಿಂತ ಕಮ್ಮಿ ಆಗಿವೆ, ಇದ್ದ ದಿನಗಳಲ್ಲಿ ಒತ್ತಡ ಜಾಸ್ತಿ ಆಗಿದೆ. ಜಲಾಶಯದಲ್ಲಿ ನೀರು ಸಾಕಷ್ಟಿದ್ದರೆ ಮಾತ್ರ ಎರಡನೆಯ ಬೆಳೆ. ಹೂಳು ತುಂಬಿ, ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಅಲ್ಲಿ ತಾತ್ಕಾಲಿಕ ಗೇಟು ಇಳಿಸುವ ತನಕ ಸುಮಾರು ಒಂದು ವಾರ, ನಾಟಿ ಮಾಡಿದವರೂ ಮಾಡದವರೂ ಉಸಿರು ಹಿಡಿದು ಕೂತಿದ್ದರು. ಕಾಲುವೆ ಊರಿನ ಹೊತ್ತು ಆ ಗೇಟಿನಲ್ಲಿ ಇದೆ.

5. ಒಣ ಬೇಸಾಯದ ಊರಿನ ಹೊತ್ತು

ಲಿಂಗಸುಗೂರು ಒಂದು ಕಾಲದಲ್ಲಿ ಛಾವಣಿ ಊರು, 1905ರವರೆಗೆ ಜಿಲ್ಲಾ ಕೇಂದ್ರ. ಈ ತಾಲ್ಲೂಕಿನ ಸ್ವಲ್ಪ ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಇದೆ. ಬಹಳ ಊರುಗಳಿಗೆ ಮಳೆಯೇ ಗತಿ. ಇಲ್ಲಿ ಹೊತ್ತನ್ನು ನೋಡುವುದು ಮಳೆ ನಕ್ಷತ್ರದಲ್ಲಿ. ರೋಹಿಣಿ ಆಯಿತು, ಮಿರಗ ಹೊಕ್ಕಿತು, ಇನ್ನು ಸಜ್ಜಿ, ತೊಗರಿ ಬಿತ್ತಬೇಕು. ಹಿಂಗಾರಿಗೆ ಬಿಳಿಜೋಳ, ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲುವುದು. ಮಳೆ ಹಿಡಿದರೆ ಬಿತ್ತಾಕ, ಸದಿ ತೆಗ್ಯಾಕ, ಹತ್ತಿ ಬಿಡಸಾಕ ಕೆಲಸ. ಮಳೆ ತಪ್ಪಿದರೆ ಗುಳೆ. ಬೆಂಗಳೂರು, ಪುಣೆ, ಗೋವಾ ಎಂದು ಮನೆಗೆ ಬೀಗ ಹಾಕಿ ಹೋದವರು ಬರುವುದು ಯುಗಾದಿಗೋ, ಮುಂದಿನ ಮಿರಗಕ್ಕೋ.

ದಿನದ ಹೊತ್ತೂ ಬೇರೆ. ಎಲ್ಲಾ ಕಡೆಯೂ ರೊಟ್ಟಿ ಇದ್ದರೂ ಇಲ್ಲಿ ರೊಟ್ಟಿಯೇ ಮುಖ್ಯ. ಅನ್ನಕ್ಕೆ ಎಸರಿಟ್ಟು ಬೇರೆ ಕೆಲಸ ನೋಡಬಹುದು. ರೊಟ್ಟಿ ಬಡಿಯುವಾಗ ಒಲೆ ಬಿಟ್ಟು ಏಳುವಂತಿಲ್ಲ. ಮನೆಯಲ್ಲಿ ಏಳೆಂಟು ಮಂದಿ ಇದ್ದರೆ ಒಂದು ತಾಸು ಅಲ್ಲಿಗೇ ಸರಿ. ಆಮೇಲೆ ನಳದ ಪಾಳಿ, ದನದ ಹುಲ್ಲು. ಬೋರ್‌ವೆಲ್ ಇರುವ ಮನೆಯಲ್ಲಿ ತ್ರೀ ಫೇಸ್ ಕರೆಂಟಿನ ಹೊತ್ತು. ದಿನಕ್ಕೆ ಏಳು ತಾಸು ಎಂಬ ಲೆಕ್ಕದಲ್ಲಿ ಸರದಿ ಪ್ರಕಾರ ಕೊಡುವ ಕರೆಂಟು ರಾತ್ರಿ ಬಂದರೆ ಗಂಡಸರು ಹೊಲದಲ್ಲಿ, ಮನೆಯ ಭಾರ ಪೂರಾ ಹೆಂಗಸಿನ ಮೇಲೆ. ಹಟ್ಟಿ ಚಿನ್ನದ ಗಣಿಗೆ ಹೋಗುವವರ ಮನೆಯಲ್ಲಿ ಗಣಿಯ ಪಾಳಿಯೇ ಗಡಿಯಾರ. ಅವನು ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಹೊತ್ತಿಗೆ ಇವಳ ಹಗಲು ಶುರುವಾಗಿರುತ್ತದೆ.

ಇವೆಲ್ಲ ಮುಗಿಸಿ ಬಸ್ ಹಿಡಿಯಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸರ್ಕಾರಿ ಬಸ್ಸಿಗೆ ದುಡ್ಡು ಬೇಕಿಲ್ಲ. ಆದರೆ ಹಳ್ಳಿಗೆ ದಿನಕ್ಕೆ ಒಂದೋ ಎರಡೋ ಬಸ್ಸು ಬರುವುದಾದರೆ ಆ ಬಸ್ಸು ಬಂದದ್ದೇ ಹೊತ್ತು, ಅದು ತಿರುಗಿ ಹೋದದ್ದೇ ಹೊತ್ತು. ಹನ್ನೆರಡೂವರೆಗೆ ಬಂದು ಮೂರಕ್ಕೆ ಏಳುವುದು ಅದಕ್ಕೇ. ಅವರಿಗೆ ಶಿಸ್ತಿಲ್ಲ ಎನ್ನಬೇಡಿ.

6. ಮಸ್ಕಿ: ನಡುವಿನ ಊರು

ಮಸ್ಕಿ 2018ರಿಂದ ಬೇರೆ ತಾಲ್ಲೂಕು. ಸಿಂಧನೂರು, ಲಿಂಗಸುಗೂರು, ಮಾನ್ವಿ ಮೂರು ತಾಲ್ಲೂಕುಗಳ ಹಳ್ಳಿಗಳನ್ನು ಸೇರಿಸಿ ಮಾಡಿದ್ದು. ಆದ್ದರಿಂದ ಒಂದೇ ತಾಲ್ಲೂಕಿನಲ್ಲಿ ಎರಡೂ ಹೊತ್ತು ಇವೆ. ಕಾಲುವೆ ಕೆಳಗಿನ ಹಳ್ಳಿಯಲ್ಲಿ ನಾಟಿ ನಡೆದಿರುವಾಗ ಮೇಲಿನ ಹಳ್ಳಿ ಮುಗಿಲು ನೋಡುತ್ತಿರುತ್ತದೆ. 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ರೈತರು ದೀರ್ಘ ಕಾಲ ಧರಣಿ ಕೂತದ್ದು ಇದೇ ಕಾರಣಕ್ಕೆ.

ಮಸ್ಕಿಯ ಗುಡ್ಡದ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂತು. ಅದನ್ನು ಕಂಡವರು ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಹೆಸರು ಸಮೇತ ಮೊದಲು ತಿಳಿದದ್ದು ಇಲ್ಲಿಂದ. ರಾಜರ ಕಾಲ ಕಲ್ಲಿನ ಮೇಲೆ ಉಳಿಯುತ್ತದೆ. ರೈತರ ಕಾಲವೂ ಒಂದು ಕಡೆ ಉಳಿದಿದೆ. ನಿಮ್ಮ ಮನೆಯ ಹಳೆಯ ಹೊಲದ ಕಾಗದದಲ್ಲಿ ‘ಫಸಲಿ’ ಎಂದು ಬರೆದ ವರ್ಷ ಕಂಡಿದ್ದೀರಾ? ನಿಜಾಮರ ಕಾಲದ ಕಂದಾಯದ ವರ್ಷ ಅದು. ಫಸಲಿ ಅಂದರೆ ಫಸಲಿಗೆ, ಬೆಳೆಗೆ ಸೇರಿದ್ದು. ಅದಕ್ಕೆ ಸುಮಾರು 590 ಕೂಡಿಸಿದರೆ ಇಂಗ್ಲಿಷ್ ವರ್ಷ ಸಿಗುತ್ತದೆ. ಹೊಲದ ಕಾಗದ ಓದುವಾಗ ಇದು ನೆನಪಿರಲಿ. ಬೆಳೆಯ ಲೆಕ್ಕದಲ್ಲಿ ವರ್ಷ ಎಣಿಸುವುದು ನಮ್ಮ ಸೀಮೆಗೆ ಹೊಸದಲ್ಲ.

7. ಲೆಕ್ಕಕ್ಕೆ ಬಾರದ ಹೊತ್ತು

ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆ 2019ರಲ್ಲಿ ದೇಶದಾದ್ಯಂತ ಮನೆಮನೆಗೆ ಹೋಗಿ ಯಾರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಕೇಳಿತು. ಕೂಲಿ ಇಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಮಾಡುತ್ತಾರೆ ಎಂದು ಬಂತು. 2024ರಲ್ಲಿ ಮತ್ತೆ ಕೇಳಿದಾಗ ಹೆಂಗಸರದು 289, ಗಂಡಸರದು 88. ಹೆಂಗಸರ ಕೆಲಸ ಹತ್ತು ನಿಮಿಷ ಇಳಿಯಿತು, ಗಂಡಸರದೂ ಒಂಬತ್ತು ನಿಮಿಷ ಇಳಿಯಿತು. ಇದು ಆ ಕೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ ಮಾತ್ರ, ಕೈಹಾಕದವರು ಇದರಲ್ಲಿ ಇಲ್ಲ.

289 ನಿಮಿಷ ಎಂದರೆ ಐದು ತಾಸಿಗೆ ಹನ್ನೊಂದು ನಿಮಿಷ ಕಡಿಮೆ. 20 ಸದಸ್ಯೆಯರ ಒಂದು ಸಂಘದಲ್ಲಿ ದಿನಕ್ಕೆ 96 ತಾಸು. ಉಳಿತಾಯದ ಪುಸ್ತಕದಲ್ಲಿ ಹತ್ತು ರೂಪಾಯಿ ತಪ್ಪಿದರೂ ಹುಡುಕುತ್ತೇವೆ. ಈ 96 ತಾಸು ಯಾವ ಪುಸ್ತಕದಲ್ಲಿ ಬರೆದಿದೆ?

ಮಸ್ಕಿ ಹತ್ತಿರದ ಒಂದು ಸಂಘದ ಪುಸ್ತಕ ನೋಡುವಾಗ ದಂಡದ ಪಟ್ಟಿಯಲ್ಲಿ ವಾರ ವಾರವೂ ಅದೇ ನಾಲ್ಕು ಹೆಸರು ಕಂಡವು. ತಡವಾಗಿ ಬಂದದ್ದಕ್ಕೆ ಐದೈದು ರೂಪಾಯಿ. ವಿಚಾರಿಸಿದರೆ ನಾಲ್ವರೂ ಒಂದೇ ಓಣಿಯವರು, ಸಭೆಯ ಹೊತ್ತಿಗೇ ಆ ಓಣಿಗೆ ನಳ ಬರುತ್ತಿತ್ತು. ಅವರು ನೀರು ಬಿಟ್ಟು ಬರಲೂ ಆಗದೆ, ಹೇಳಲೂ ನಾಚಿ ದಂಡ ಕಟ್ಟುತ್ತಿದ್ದರು. ಸಂಘ ಸಭೆಯನ್ನು ಒಂದು ತಾಸು ಮುಂದಕ್ಕೆ ಹಾಕಿತು. ದಂಡದ ಪುಟ ಖಾಲಿ ಉಳಿಯಿತು.

8. ಕಂತಿಗೂ ಹೊತ್ತು ಬೇಕು

ಕಾಲುವೆ ಊರಿನವಳ ಕೈಯಲ್ಲಿ ಹಣ ಆಡುವುದು ನಾಟಿಯ ನಂತರ, ಕೊಯ್ಲಿನ ನಂತರ. ಒಣ ಊರಿನವಳಿಗೆ ಹತ್ತಿ, ತೊಗರಿ ಬಂದಾಗ, ಇಲ್ಲವೇ ಗುಳೆಯಿಂದ ಬಂದಾಗ. ಇಬ್ಬರಿಗೂ ವರ್ಷವಿಡೀ ವಾರಕ್ಕೊಂದು ಒಂದೇ ಕಂತು ಎಂದರೆ, ಕೆಲಸವಿಲ್ಲದ ವಾರ ಇನ್ನೊಂದು ಕಡೆ ಸಾಲ ತಂದು ಈ ಸಾಲ ಕಟ್ಟುತ್ತಾರೆ. ಸಾಲದ ಸುಳಿ ಶುರುವಾಗುವುದು ಇಲ್ಲಿಯೇ.

ಮೈಕ್ರೋಫೈನಾನ್ಸ್ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಕೊಟ್ಟ ನಿರ್ದೇಶನದಲ್ಲಿ ಹೊತ್ತಿನ ಮಾತು ಇದೆ. ಎಲ್ಲರಿಗೂ ಗೊತ್ತಿರಬೇಕು:

* ಕಂತು ವಾರಕ್ಕೋ, ಹದಿನೈದು ದಿನಕ್ಕೋ, ತಿಂಗಳಿಗೋ ಎಂಬುದನ್ನು ಸಾಲಗಾರರ ಅಗತ್ಯ ನೋಡಿ ಇಡಲು ಅವಕಾಶ ಇರಬೇಕು. ಸಾಲ ತೆಗೆದುಕೊಳ್ಳುವಾಗಲೇ ಕೇಳಿ.
* ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ.
* ಕಂತು ಕಟ್ಟುವ ಜಾಗವನ್ನು ಇಬ್ಬರೂ ಒಪ್ಪಿ ಗೊತ್ತುಮಾಡಬೇಕು. ಎರಡು ಬಾರಿ ಅಥವಾ ಹೆಚ್ಚು ಸಲ ಸತತವಾಗಿ ಅಲ್ಲಿಗೆ ಹೋಗದಿದ್ದರೆ ಮಾತ್ರ ಅವರು ಮನೆಗೋ ಕೆಲಸದ ಜಾಗಕ್ಕೋ ಬರಬಹುದು.
* ಬೈಯುವುದು, ಹೆದರಿಸುವುದು, ನೆಂಟರನ್ನು ಕಾಡುವುದು ಕೂಡದು.

ನಮ್ಮ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಕಿರುಕುಳದ ವಸೂಲಿ ತಡೆಯಲು ಸುಗ್ರೀವಾಜ್ಞೆ ಬಂದು, ಆಮೇಲೆ ಕಾಯ್ದೆಯೂ ಆಯಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಇದೆ. ಸಾಲ ತೀರಿಸುವುದು ನಮ್ಮ ಜವಾಬ್ದಾರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಸುಕಿನಲ್ಲಿ ಬಾಗಿಲು ಬಡಿಸಿಕೊಳ್ಳುವುದು ನಮ್ಮ ಜವಾಬ್ದಾರಿಯಲ್ಲ.

9. ಸಂಘದಲ್ಲಿ ಏನು ಮಾಡಬಹುದು?

ಬೇಸಿಗೆಯಲ್ಲಿ ಸರ್ಕಾರ ಏನು ಮಾಡುತ್ತದೆ ಗಮನಿಸಿದ್ದೀರಾ? ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳ ಕಚೇರಿಗಳಿಗೆ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1ವರೆವರೆಗೆ ಎಂದು ಆದೇಶ ಹೊರಡಿಸುತ್ತಾರೆ. ನಮ್ಮ ರಾಯಚೂರಿಗೂ ಅದೇ. ಮೇ ತಿಂಗಳಲ್ಲಿ ಮೂರು ಗಂಟೆಗೆ ತಾಲ್ಲೂಕು ಕಚೇರಿಗೆ ಹೋದರೆ ಬೀಗ ನೋಡಿ ಬರಬೇಕಾಗುತ್ತದೆ. ಬಿಸಿಲು ನೋಡಿ ಕಚೇರಿಯೇ ಹೊತ್ತು ಬದಲಿಸುವಾಗ, ನಾಟಿ ನೋಡಿ ಸಂಘ ಏಕೆ ಬದಲಿಸಬಾರದು? ಪಂಚಸೂತ್ರದ ಮೊದಲ ಸೂತ್ರ ‘ನಿಯಮಿತ ಸಭೆ’. ನಿಯಮಿತ ಎಂದರೆ ತಪ್ಪದೆ ನಡೆಯಬೇಕು. ವರ್ಷವಿಡೀ ಒಂದೇ ಗಂಟೆಗೆ ನಡೆಯಬೇಕು ಎಂದು ಅರ್ಥವಲ್ಲ.

* ಒಂದು ದೊಡ್ಡ ಹಾಳೆಯ ಮೇಲೆ 12 ತಿಂಗಳು ಬರೆಯಿರಿ. ಕೆಲಸ ಹೆಚ್ಚು ಇರುವ ತಿಂಗಳಿಗೆ ಜೋಳದ ಕಾಳು, ಹಣ ಬರುವ ತಿಂಗಳಿಗೆ ಕಡಲೆ, ಗುಳೆಯ ತಿಂಗಳಿಗೆ ಕಲ್ಲು ಇಡಿ. ಓದು ಬಾರದವರೂ ಇದನ್ನು ಮಾಡಬಹುದು.
* ಅದನ್ನು ನೋಡಿ ಸಭೆಯ ಹೊತ್ತನ್ನು ವರ್ಷಕ್ಕೆ ಮೂರು ಬಗೆ ಮಾಡಿ: ನಾಟಿ–ಬಿತ್ತನೆ ಕಾಲ, ಸುಗ್ಗಿ ಕಾಲ, ಬೇಸಿಗೆ. ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಅಥವಾ ಹೆಬ್ಬೆಟ್ಟು ಹಾಕಿ.
* ಆಂತರಿಕ ಸಾಲದ ಕಂತನ್ನು ಹಣ ಬರುವ ತಿಂಗಳಲ್ಲಿ ಹೆಚ್ಚು, ಇಲ್ಲದ ತಿಂಗಳಲ್ಲಿ ಬಡ್ಡಿ ಮಾತ್ರ ಎಂದು ಇಡಬಹುದೇ, ಚರ್ಚಿಸಿ.
* ಗುಳೆ ಹೋಗುವ ಸದಸ್ಯೆ ಉಳಿತಾಯ ಹೇಗೆ ಕಳಿಸಬೇಕು, ಯಾರು ಅವಳ ಪರವಾಗಿ ಬರೆಯಬೇಕು ಎಂದು ಅವಳು ಹೊರಡುವ ಮುಂಚೆಯೇ ನಿರ್ಣಯ ಮಾಡಿ. ಬಂದ ಮೇಲೆ ದಂಡ ಹಾಕಬೇಡಿ.
* ದಂಡ ಹಾಕುವ ಮೊದಲು ‘ಯಾಕ ತಡ ಆಯ್ತವ್ವ?’ ಎಂದು ಕೇಳಿ.

ಚರ್ಚೆಗೆ ಪ್ರಶ್ನೆಗಳು

1. ನಿನ್ನೆ ನೀವು ಎಷ್ಟು ಗಂಟೆಗೆ ಎದ್ದಿರಿ, ಎಷ್ಟಕ್ಕೆ ಮಲಗಿದಿರಿ? ನಡುವೆ ಕೂಲಿ ಸಿಗುವ ಕೆಲಸ ಎಷ್ಟು ತಾಸು, ಸಿಗದ ಕೆಲಸ ಎಷ್ಟು ತಾಸು?
2. ಮನೆಯ ಗಂಡಸರ ಹೊತ್ತನ್ನೂ ಹೀಗೇ ಬರೆಯಿರಿ. ಯಾವ ಒಂದು ಕೆಲಸವನ್ನು ಅವರಿಗೆ ಒಪ್ಪಿಸಬಹುದು?
3. ನಮ್ಮ ಸಂಘದ ಈಗಿನ ಸಭೆಯ ಹೊತ್ತು ಯಾರಿಗೆ ಅನುಕೂಲ? ಯಾರಿಗೆ ಕಷ್ಟ? ಅದನ್ನು ಗೊತ್ತುಮಾಡಿದಾಗ ಕಷ್ಟ ಇರುವವರನ್ನು ಕೇಳಿದ್ದೆವೇ?
4. ನಮ್ಮ ಊರಿಗೆ ಕೊನೆಯ ಬಸ್ಸು ಎಷ್ಟಕ್ಕೆ? ಒಕ್ಕೂಟದ ಸಭೆ ಎಷ್ಟಕ್ಕೆ ಶುರುವಾದರೆ ಎಲ್ಲರೂ ಇದ್ದು ಮುಗಿಸಬಹುದು?

ಈ ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಪ್ರತಿ ಸಂಘವೂ ಬರೆದು ಪ್ರತಿನಿಧಿಯ ಕೈಯಲ್ಲಿ ಕಳಿಸಿಕೊಡಿ. ಕಾಲುವೆ ಊರು, ಒಣ ಊರು ಎರಡರ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಮುಂದಿನ ವರ್ಷದ ಒಕ್ಕೂಟದ ಸಭೆಗಳ ದಿನ ಮತ್ತು ಹೊತ್ತನ್ನು ಮಸ್ಕಿಯಲ್ಲಿ ಎಲ್ಲರೂ ಕೂಡಿ ಗೊತ್ತುಮಾಡೋಣ.